ರುಕ್ಮವ್ವನ ಮಡ್ಡಿ

ಸಿಂದಗಿಯ ಬಸ್ ಸ್ಟ್ಯಾಂಡಿನಿಂದ ಮಾರ್ಕೆಟ್ಟಿನ ಕಡೆ ಹೋಗುವ ರಸ್ತೆಗೆ ಬೇವಿನ ಮರಗಳನ್ನು ಹಚ್ಚಿಸಿದವನು ಕಲ್ಮೇಶಪ್ಪ ಹಂಗರಗಿ. ಮೂರು ತೊಗರಿ ಬೇಳೆ ಮಿಲ್ಲು, ಹದಿನೆಂಟು ಲಾರಿ, ಕಲಬುರಗಿ ರಸ್ತೆಯಲ್ಲಿ ಸಾಲು ಗೋದಾಮು, ಇಷ್ಟೆಲ್ಲ ಇದ್ದ ಮನುಷ್ಯ ಮೊದಲ ಮೂರು ಬೇಸಿಗೆ ಆ ಸಸಿಗಳಿಗೆ ತನ್ನ ಮಿಲ್ಲಿನ ಟ್ಯಾಂಕರಿನಿಂದ ನೀರು ಹಾಕಿಸಿದ್ದ. ಯಾರದೋ ಆಡು ಬೇಲಿ ದಾಟಿ ಸಸಿ ತಿಂದರೆ ಡ್ರೈವರ್ ಯುನೂಸನನ್ನು ಕರೆದುಕೊಂಡು ತಾನೇ ಬಂದು ಮತ್ತೆ ಮುಳ್ಳು ಕಟ್ಟಿಸುತ್ತಿದ್ದ. ಆಡಿನವರಿಗೆ ಅವನು ಬೈದದ್ದನ್ನು ಯಾರೂ ಕೇಳಿಲ್ಲ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಮುದ್ದೇಬಿಹಾಳದ ಹತ್ತಿರ ಒಂದು ಹಳ್ಳಿಯ ಕೆರೆಯ ಹೂಳು ತೆಗೆಸಿದ. ಇಂಡಿ ತಾಲೂಕಿನ ಕಡೆ ಎರಡು ಹಳೆಯ ಬಾವಿಗಳನ್ನು ಸ್ವಚ್ಛ ಮಾಡಿಸಿ, ಬಿದ್ದುಹೋದ ಮೆಟ್ಟಿಲು ಕಟ್ಟಿಸಿಕೊಟ್ಟ. ಮದುವೆಗೆ ಹೋದರೂ ಆಹೇರಿನ ಉಡುಗೊರೆಯ ಜೊತೆ ಒಂದು ಮಾವಿನ ಸಸಿ ಹಿಡಿದೇ ಹೋಗುತ್ತಿದ್ದ. ಹೆಂಡತಿ ಸುವರ್ಣಾ ಬಂದವರ ಮುಂದೆ ನಗುತ್ತಿದ್ದಳು: "ನನ್ನ ನೋಡಾಕ ಬಂದಾಗ ಒಂದ ಹೂವ ತಂದಿರಲಿಲ್ಲ ಇವರು. ಈಗ ಊರಿಗೆಲ್ಲಾ ಗಿಡ ಹಂಚಾಕತ್ತಾರ."

ಇಷ್ಟು ಹಸಿರು ಪ್ರೀತಿಸುವ ಮನುಷ್ಯನಿಗೆ ಹುಲ್ಲು ಮಾತ್ರ ಕಣ್ಣಿಗೆ ಬೀಳಬಾರದು. ಮಿಲ್ಲಿನ ಅಂಗಳದಲ್ಲಿ ಮಳೆಗೆ ನಾಲ್ಕು ಎಸಳು ಚಿಗುರಿದರೂ ಕೀಳಿಸುತ್ತಿದ್ದ. ಸ್ವಚ್ಛತೆಯ ಹುಚ್ಚು ಎಂದುಕೊಂಡು ಆಳುಗಳು ಕಿತ್ತು ಹಾಕುತ್ತಿದ್ದರು.

ಅವನು ಹುಟ್ಟಿದ್ದು ಬಸವನ ಬಾಗೇವಾಡಿಯ ಹತ್ತಿರದ ಇಂಗಳೇಶ್ವರದಲ್ಲಿ. ಆರು ವರ್ಷದವನಿದ್ದಾಗ ಅಪ್ಪ ತೀರಿಕೊಂಡ. ಹೊಲ ಅಪ್ಪನ ಅಣ್ಣತಮ್ಮಂದಿರ ಕೈಯಲ್ಲಿ ಉಳಿಯಿತು. ಅವ್ವ ರುಕ್ಮವ್ವನಿಗೆ ಉಳಿದದ್ದು ಒಂದು ಕೋಣೆ, ಒಂದು ಕುಡಗೋಲು. ಊರಾಚೆ ಒಂದು ಮಡ್ಡಿ ಇತ್ತು. ನೇಗಿಲು ಹೋಗದ, ಕಲ್ಲು ಹಾಸಿದ ಎತ್ತರದ ನೆಲಕ್ಕೆ ಆ ಸೀಮೆಯಲ್ಲಿ ಮಡ್ಡಿ ಎನ್ನುತ್ತಾರೆ. ಅಲ್ಲಿ ಹುಲ್ಲು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಅವಳು ಮೂರು ತಾಸು ನಡೆದು ಬಾಗೇವಾಡಿಗೆ ಹೋಗುತ್ತಿದ್ದಳು. ಎಮ್ಮೆ ಕಟ್ಟಿದ ಮನೆಯವರು ಕೊಳ್ಳುತ್ತಿದ್ದರು. ಮಗನನ್ನು ಬಾಗೇವಾಡಿಯ ಒಂದು ಮಠದ ಪ್ರಸಾದ ನಿಲಯದಲ್ಲಿ ಬಿಟ್ಟು ಶಾಲೆಗೆ ಹಾಕಿದ್ದಳು. ಅಲ್ಲಿ ಹುಡುಗರು ಅವನಿಗೆ 'ಹುಲ್ಲಿನಾಕಿ ಮಗ' ಎಂದು ಹೆಸರಿಟ್ಟರು. ಹೊರೆಯ ಕೆಳಗೆ ಮುಖ ಅರ್ಧ ಮುಚ್ಚಿಹೋದ ಅವ್ವ ಶಾಲೆಯ ಮುಂದಿನ ಓಣಿಯಲ್ಲಿ ಬರುವುದು ಕಂಡರೆ ಅವನು ಪಡಸಾಲೆಯ ಕಂಬದ ಹಿಂದೆ ಸರಿದು ನಿಲ್ಲುತ್ತಿದ್ದ. ಕೆಲವು ತಿಂಗಳಾದ ಮೇಲೆ ಅವಳು ಆ ಓಣಿಯಲ್ಲಿ ಬರುವುದು ನಿಂತಿತು. ಅವನಿಗೆ ಹಗುರವಾಯಿತು. ಯಾಕೆ ನಿಂತಿತು ಎಂದು ಕೇಳಲಿಲ್ಲ.

ಹದಿನಾರಕ್ಕೆ ಸಿಂದಗಿಗೆ ಬಂದು ಬೇಳೆ ಅಂಗಡಿಯೊಂದರಲ್ಲಿ ಚೀಲ ಹೊಲಿಯುವ ಕೆಲಸಕ್ಕೆ ನಿಂತ. ವ್ಯಾಪಾರ ಕೈ ಹತ್ತಿತು. ಇಪ್ಪತ್ನಾಲ್ಕಕ್ಕೆ ಸ್ವಂತ ಗಿರಣಿ ಹಾಕಿದ. ಅದೇ ವರ್ಷ ಅವ್ವನನ್ನೂ ಕರೆತಂದ. ಅಂದಿನಿಂದ ರುಕ್ಮವ್ವ ಊರಿಗೆ ಹೋಗಿರಲಿಲ್ಲ. ಅವ್ವನಿಗೆ ಅಲ್ಲಿಯ ನೆನಪು ಬೇಡ ಎಂದು ಅವನು ತನ್ನಷ್ಟಕ್ಕೆ ತಾನೇ ಗಟ್ಟಿಮಾಡಿಕೊಂಡಿದ್ದ.

ಮೂರು ವರ್ಷದ ಹಿಂದೆ ಆ ಮಡ್ಡಿಯ ಅರವತ್ತು ಎಕರೆ ಮಾರಾಟಕ್ಕಿದೆ ಎಂಬ ಸುದ್ದಿ ಬಂತು. ಕಲ್ಮೇಶಪ್ಪ ಎರಡನೇ ಮಾತಿಲ್ಲದೆ ಕೊಂಡುಬಿಟ್ಟ. ಅಲ್ಲಿ ಹನ್ನೆರಡು ಸಾವಿರ ಗಿಡಗಳ ಒಂದು ಕಾಡು ಎಬ್ಬಿಸುವುದು, ಅದಕ್ಕೆ ರುಕ್ಮವ್ವ ವನ ಎಂದು ಹೆಸರಿಡುವುದು. ಮೇ ತಿಂಗಳು ಪೂರ್ತಿ ಜೆಸಿಬಿ ಗುಂಡಿ ತೋಡಿತು. ಕಾರಹುಣ್ಣಿಮೆಯ ವಾರಕ್ಕೆ ಕಾರ್ಯಕ್ರಮ. ಶಾಸಕರು, ಸ್ವಾಮಿಗಳು, ಅರಣ್ಯ ಇಲಾಖೆಯವರು, ಎಲ್ಲರಿಗೂ ಹೇಳಿಯಾಗಿತ್ತು. ಅವ್ವನಿಗೆ ಮಾತ್ರ ಹೇಳಿರಲಿಲ್ಲ. ಅವಳ ಮುಖ ಅರಳುವುದನ್ನು ಅಂದೇ ನೋಡಬೇಕು ಎಂದು ಕಾದಿದ್ದ.

ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ ಮಿಲ್ಲಿನ ಆಫೀಸಿಗೆ ಒಬ್ಬ ಹೆಂಗಸು ಬಂದರು. ಎಪ್ಪತ್ತರ ಮೇಲಿನ ವಯಸ್ಸು, ಕಾಟನ್ ಸೀರೆ, ಹೆಗಲಿಗೆ ಬಟ್ಟೆಯ ಚೀಲ.

"ನಾನು ಜಾನಕಿಬಾಯಿ. ಮುದ್ದೇಬಿಹಾಳದ ಹೈಸ್ಕೂಲಿನ್ಯಾಗ ಬಯಾಲಜಿ ಕಲಸ್ತಿದ್ದೆ, ಈಗ ರಿಟೈರ್ ಆಗೀನಿ. ನೀವು ಆ ಕೆರಿ ಹೂಳ ತಗಿಸಿದ್ದು ಭಾಳ ಛಲೋ ಆತು. ಈ ವರ್ಷ ಬಾತುಕೋಳಿ ಬಂದಿದ್ವು."

ಕಲ್ಮೇಶಪ್ಪನಿಗೆ ಖುಷಿಯಾಯಿತು. "ಕುಂದರ್ರಿ ಅಕ್ಕೋರ. ಚಾ ತರಸ್ತೇನಿ."

"ಚಾ ಆಮ್ಯಾಲೆ ಕುಡಿಯೋಣು. ಇಂಗಳೇಶ್ವರದ ಮಡ್ಡಿ ಮ್ಯಾಲೆ ಗಿಡಾ ಹಚ್ಚಬ್ಯಾಡ್ರಿ ಅಂತ ಹೇಳ್ಲಿಕ್ಕೆ ಬಂದೀನಿ."

ಅವನು ನಕ್ಕ. "ಗಿಡ ಹಚ್ಚಬ್ಯಾಡ ಅಂದವ್ರು ನೀವ ಮೊದಲನೇದವ್ರು ನೋಡ್ರಿ."

"ಗಿಡಕ್ಕ ಬ್ಯಾರೆ ಜಾಗಾ ಬೇಕಾದಷ್ಟು ಅವ. ಅದು ಹುಲ್ಲಿನ ನೆಲ. ನೆಲಗುಬ್ಬಿ ಅಲ್ಲಿ ನೆಲದ ಮ್ಯಾಲೇ ಗೂಡು ಕಟ್ತಾವ. ಗೌಜುಗ ಅವ. ಚಳಿಗಾಲದಾಗ ಚಿಗರಿ ಮೇಯ್ಲಿಕ್ಕೆ ಬರ್ತಾವ. ಗಿಡದ ನೆಳ್ಳ ಬಿತ್ತಂದ್ರ ಆ ಹುಲ್ಲು ಸಾಯ್ತದ. ಅವೆಲ್ಲಾ ಆಮ್ಯಾಲೆ ಎಲ್ಲಿ ಹೋಗಬೇಕು?"

"ಅಕ್ಕೋರ, ಅದು ಬೋಳು ಮಡ್ಡಿ."

"ಇಪ್ಪತ್ತು ವರ್ಷಾತು ನಾ ಅಲ್ಲಿ ಹೋಗ್ಲಿಕತ್ತು. ಬೋಳು ಅಂತ ಒಂದ ದಿನಾನೂ ಅನಿಸಿಲ್ಲ. ಒಂದ ಮುಂಜಾನೆ ನನ್ನ ಜೋಡಿ ಬಂದು ನೋಡ್ರಿ."

ಕಲ್ಮೇಶಪ್ಪನ ದನಿ ಅವನಿಗೇ ಗೊತ್ತಿಲ್ಲದೆ ಏರಿತು. "ಹುಲ್ಲಿನ ಸುದ್ದಿ ನನಗ ಹೇಳಬ್ಯಾಡ್ರಿ. ನಾ ಅದರಾಗ ಬೆಳದೇನಿ. ಸಾಕಾಗೇತಿ."

ಹೊರಗೆ ಲೆಕ್ಕ ಬರೆಯುತ್ತಿದ್ದ ಗುಮಾಸ್ತರು ತಲೆ ಎತ್ತಿ ನೋಡಿದರು. ಜಾನಕಿಬಾಯಿ ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದು ಮೇಜಿನ ಮೇಲಿಟ್ಟು ಎದ್ದರು. ಅವರು ಬಿಸಿಲಲ್ಲಿ ನಡೆದು ಹೋಗುವುದನ್ನು ಕಿಟಕಿಯಿಂದ ನೋಡಿ ಅವನಿಗೆ ಕೆಡುಕೆನಿಸಿತು. ಕಾರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಾ ಎಂದು ಯುನೂಸನನ್ನು ಹಿಂದಿನಿಂದ ಕಳಿಸಿದ.

ಅಂದು ಸಂಜೆ ಮನೆಗೆ ಬಂದಾಗ ಆಮಂತ್ರಣ ಪತ್ರಿಕೆಯ ಕಟ್ಟು ಪಡಸಾಲೆಯಲ್ಲಿ ಬಿಚ್ಚಿತ್ತು. ರುಕ್ಮವ್ವ ನೆಲದ ಮೇಲೆ ಕುಳಿತು ಒಂದನ್ನು ಕಣ್ಣಿನ ಹತ್ತಿರ ಹಿಡಿದಿದ್ದಳು. ಎಂಬತ್ನಾಲ್ಕರ ಮುದುಕಿ, ಓದು ಬಾರದು, ಆದರೆ ತನ್ನ ಮುಖ ಗುರುತಿಸಿದ್ದಳು.

"ಇದು ನನ್ನ ಫೋಟೋ ಅಲ್ಲೇನೋ ಕಲ್ಮೇಶಿ?"

ಗುಟ್ಟು ರಟ್ಟಾಗಿತ್ತು. ಅವನು ಪಕ್ಕದಲ್ಲಿ ಕುಳಿತ. "ಹೌದು ಯವ್ವಾ. ನಿನ್ನ ಹೆಸರಲೆ ಒಂದು ವನ ಮಾಡಾಕತ್ತೇನಿ. ಹನ್ನೆರಡು ಸಾವಿರ ಗಿಡ."

"ಎಲ್ಲಿ?"

"ನಮ್ಮ ಊರ ಮಡ್ಡಿ ಮ್ಯಾಲ. ಅಷ್ಟೂ ಕೊಂಡೇನಿ."

ಅವಳು ಪತ್ರಿಕೆಯನ್ನು ಕೆಳಗಿಟ್ಟಳು. "ಹುಲ್ಲಿಗೇನ ಮಾಡಿದಿ?"

"ಹುಲ್ಲು ಈಗ ಯಾರಿಗೆ ಬೇಕ ಯವ್ವಾ? ನೀ ಅದರಾಗ ಪಟ್ಟ ಕಷ್ಟ ಯಾರ ಕಣ್ಣಿಗೂ ಬೀಳಬಾರದು ಇನ್ನ. ಅದಕ್ಕ ಈ ಗಿಡ."

ಅರಳುತ್ತದೆ ಎಂದು ಅವನು ಕಾದಿದ್ದ ಅವ್ವನ ಮುಖ ಅರಳಲಿಲ್ಲ. "ನಾಳಿ ನನ್ನ ಅಲ್ಲಿಗಿ ಕರಕೊಂಡ ಹೋಗು" ಎಂದಷ್ಟೇ ಹೇಳಿದಳು.

ಮರುದಿನ ಬೆಳಿಗ್ಗೆ ಹೊರಟರು. ದೇವರ ಹಿಪ್ಪರಗಿ ದಾಟಿದ ಮೇಲೆ ರುಕ್ಮವ್ವ ಕಾರಿನ ಗಾಜು ಇಳಿಸಲು ಹೇಳಿ, ಸೆರಗು ಬಿಗಿದು, ಹೊರಗೇ ನೋಡುತ್ತ ಕುಳಿತಳು. ಎರಡು ಮಳೆ ಬಿದ್ದಿದ್ದವು. ಮಡ್ಡಿಯ ಮೇಲೆ ಸಾಲು ಸಾಲು ಗುಂಡಿ, ಪ್ರತಿ ಗುಂಡಿಯ ಬಾಯಿಗೆ ಅಗೆದು ತೆಗೆದ ಕೆಂಪು ಗರಸುಕಲ್ಲಿನ ಗುಡ್ಡೆ. ನಡುವೆ ಉಳಿದ ಪಟ್ಟಿಗಳಲ್ಲಿ ಹೊಸ ಹುಲ್ಲು ಬೆರಳುದ್ದ ಎದ್ದಿತ್ತು. ಜೆಸಿಬಿ ಒಂದು ಮೂಲೆಯಲ್ಲಿ ನಿಂತಿತ್ತು. ನಡೆಸುವವನು ಇನ್ನೂ ಬಂದಿರಲಿಲ್ಲ.

ರುಕ್ಮವ್ವ ಚಪ್ಪಲಿಯನ್ನು ಕಾರಿನಲ್ಲೇ ಬಿಟ್ಟು ಇಳಿದಳು. ಮಗ ತೋಳು ಹಿಡಿದ. ಮನೆಯಲ್ಲಿ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವವಳು ಇಲ್ಲಿ ಕಲ್ಲುಗಳ ನಡುವೆ ಕಾಲಿಡುವ ಜಾಗ ನೋಡದೆಯೇ ಗೊತ್ತಿದ್ದವಳಂತೆ ನಡೆದಳು.

"ಇದು ಕರಡ. ಒಣಗಿದ ಮ್ಯಾಲ ಬಣಿವಿಗೆ ಹಾಕ್ತಾರ. ಇದನ್ನ ತಿಂದ್ರ ಎಮ್ಮಿ ಹಾಲು ಗಟ್ಟಿ ಕೊಡ್ತಾವ, ಕುಂಬಾರ ಓಣಿಯವ್ರು ಇದನ್ನ ಕೇಳಿ ತಗೋತಿದ್ರು. ಇದು ಕೆಟ್ಟದ್ದು, ಬೀಜ ಸೀರಿಗೆ ಚುಚ್ಚತಿದ್ವು. ರಾತ್ರಿ ಕುಂತು ಒಂದೊಂದ ತಗೀತಿದ್ದೆ." ಬಾಗಿ ಒಂದು ಎಸಳನ್ನು ಮುಟ್ಟುವಳು, ಮತ್ತೆ ಎರಡು ಹೆಜ್ಜೆ. ಗುಂಡಿ ಎದುರಾದಾಗ ಮಾತ್ರ ಸುಮ್ಮನೆ ಸುತ್ತಿ ಹೋಗುವಳು.

ಒಂದು ಗುಂಡಿಯ ಹತ್ತಿರ ಸಣ್ಣದೊಂದು ಹಕ್ಕಿ ಕಾಲ ಬುಡದಿಂದ ಪುರ್ರನೆ ಎದ್ದಿತು. ರುಕ್ಮವ್ವ ಮಗನ ಕೈ ಹಿಡಿದು ನಿಲ್ಲಿಸಿದಳು. "ಕಾಲ ಎತ್ತಬ್ಯಾಡ."

ಹುಲ್ಲಿನ ಬುಡದಲ್ಲಿ ಅಂಗೈಯಷ್ಟು ತಗ್ಗು. ಅದರಲ್ಲಿ ಚುಕ್ಕೆ ಚುಕ್ಕೆಯ ಎರಡು ಮೊಟ್ಟೆ. ಜೆಸಿಬಿಯ ಹಲ್ಲು ಕೊರೆದ ಅಂಚು ಅಲ್ಲಿಂದ ಒಂದು ಗೇಣು.

"ಗೂಡು ಸಿಕ್ರ ಸುತ್ತ ಒಂದ ಮೊಳ ಬಿಟ್ಟು ಕೊಯ್ತಿದ್ದಿವಿ" ಎಂದಳು ರುಕ್ಮವ್ವ. "ಹೊರಿ ಸಣ್ಣದಾಗ್ತಿತ್ತು. ಆದ್ರೂ ಬಿಡ್ತಿದ್ದಿವಿ."

ಕಲ್ಮೇಶಪ್ಪ ಮೊಟ್ಟೆಗಳ ಕಡೆ ಬಾಗಿದ. "ಯವ್ವಾ, ಈ ಮಡ್ಡಿ ಮ್ಯಾಲ ನಿನಗ ಸಿಟ್ಟಿಲ್ಲೇನು?"

"ಯಾಕ ಸಿಟ್ಟು? ನಿಮ್ಮಪ್ಪ ಹ್ವಾದ ಮ್ಯಾಲ ಊರಾಗ ಒಬ್ರೂ ಬಾ ಅನ್ನಲಿಲ್ಲ ನನಗ. ಇದು ಒಂದ ದಿನಾನೂ ಬರಿಗೈಲೆ ಕಳಸಲಿಲ್ಲ."

"ಸಾಲ್ಯಾಗ ನನಗ ಹುಲ್ಲಿನಾಕಿ ಮಗ ಅಂತಿದ್ರು."

"ಗೊತ್ತೈತಿ."

"ಯಾರ ಹೇಳಿದ್ರು ನಿನಗ?"

"ಯಾರ ಹೇಳಬೇಕು? ನೀ ಕಂಬದ ಹಿಂದ ನಿಂದರೂದು ಕಾಣ್ತಿತ್ತು. ಕಂಬ ಸಣ್ಣದು, ನಿನ್ನ ಪಾಟಿಚೀಲ ಹೊರಗ ಇರ್ತಿತ್ತು. ನನ್ನ ಮಗಗ ಯಾಕ ಸಂಕಟ ಅಂತ ನಾ ಹಿಂದಿನ ಓಣಿ ಹಿಡದು ಹೋಗಾಕ ಹತ್ತಿದೆ."

"ಅದು ಭಾಳ ಸುತ್ತಲ್ಲ ಯವ್ವಾ."

"ಸುತ್ತ ಇತ್ತು" ಎಂದಳು, ಬೇರೆ ಯಾರದೋ ದಾರಿಯ ಮಾತು ಹೇಳುವಂತೆ. "ಹೊರಿ ಹೊತ್ತಾಗ ನಾಕ ಹೆಜ್ಜಿ ಹೆಚ್ಚಾದ್ರ ಗೊತ್ತಾಗ್ತೈತಿ. ಆದ್ರ ನೀ ಸಾಲಿ ಬಿಡಲಿಲ್ಲಲ್ಲ."

ಅರವತ್ತು ದಾಟಿದ ಕಲ್ಮೇಶಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಗರಸಿನ ಗುಡ್ಡೆಯ ಮೇಲೆ ಕುಸಿದು ಕುಳಿತ. ಅವ್ವ ಅವನ ತಲೆಯ ಮೇಲೆ ಕೈಯಿಟ್ಟು ನಿಂತಳು. ಮೆಲ್ಲಗೆ, "ಕಣ್ಣ ಒರಸ್ಕೋ. ಯುನೂಸ ನೋಡಾಕತ್ತಾನ" ಎಂದಳು.

ಆಗ ಜೆಸಿಬಿಯವನು ಮೋಟರ್ ಸೈಕಲ್ಲಿನಲ್ಲಿ ಬಂದ. "ಇವತ್ತ ಯಾ ಕಡಿಂದ ಸುರು ಮಾಡ್ಲಿರಿ ಸಾವ್ಕಾರ್ರ?"

"ಸಾಕು" ಎಂದ ಕಲ್ಮೇಶಪ್ಪ. "ಮಿಶಿನ್ ಒಯ್ದುಬಿಡು. ನಿನ್ನ ತಿಂಗಳ ಪಗಾರ ಪೂರಾ ಕೊಡ್ತೇನಿ."

ಮುಂದಿನ ಒಂದು ವಾರ ಅವನಿಗೆ ಸುಲಭದ್ದಾಗಿರಲಿಲ್ಲ. ಕರೆದವರಿಗೆಲ್ಲ ತಾನೇ ಫೋನ್ ಮಾಡಿ ಕಾರ್ಯಕ್ರಮ ಇಲ್ಲ ಎಂದು ಹೇಳಿದ. ಯಾಕೆ ಎಂದು ಕೇಳಿದವರಿಗೆ, ನಾ ತಪ್ಪು ಮಾಡಿದ್ದೆ, ಅಲ್ಲಿ ಹುಲ್ಲೇ ಇರಬೇಕು ಎಂದ. ಸಾವ್ಕಾರ ಹುಲ್ಲಿನ ಬೆಳಿ ತಗೀತಾನಂತ ಎಂದು ಮಾರ್ಕೆಟ್ಟಿನಲ್ಲಿ ದಲಾಲರು ನಗಾಡಿದರು. ವನಕ್ಕೆಂದು ತರಿಸಿದ್ದ ಸಸಿಗಳನ್ನು ಕೇಳಿದವರಿಗೆಲ್ಲ ಕೊಟ್ಟ. ಶಾಲೆಯ ಅಂಗಳಕ್ಕೆ, ಹೊಲದ ಬದುವಿಗೆ, ದರ್ಗಾದ ಹಿಂದಿನ ಬಯಲಿಗೆ ಅವು ಹೋದವು.

ಆಮೇಲೆ ಮುದ್ದೇಬಿಹಾಳಕ್ಕೆ ಹೋಗಿ ಜಾನಕಿಬಾಯಿಯವರ ಮನೆ ಹುಡುಕಿದ. ಅವರು ತುಳಸಿ ಕಟ್ಟೆಗೆ ನೀರು ಹಾಕುತ್ತಿದ್ದರು.

"ಅಕ್ಕೋರ, ಅವತ್ತ ದೊಡ್ಡ ದನಿ ಮಾಡಿದೆ. ಮನಸಿಗೆ ಹಚ್ಕೋಬ್ಯಾಡ್ರಿ."

"ಕಾರಿನ್ಯಾಗ ಬಸ್ ಸ್ಟ್ಯಾಂಡಿಗೆ ಕಳಸಿದ್ರಲ್ಲ, ಅಲ್ಲೇ ಮರತೆ" ಎಂದರು ಅವರು. "ಒಳಗ ಬರ್ರಿ."

"ಗಿಡ ಹಚ್ಚೂದು ನನಗ ಗೊತ್ತೈತಿ. ಹೋದ ಹುಲ್ಲು ಹ್ಯಾಂಗ ತರಬೇಕು ಗೊತ್ತಿಲ್ಲ."

"ನನಗೂ ಪೂರಾ ಗೊತ್ತಿಲ್ರಿ. ಹಕ್ಕಿ ಎಣಿಸೂದು ಬ್ಯಾರೆ, ಹುಲ್ಲು ಬೆಳಸೂದು ಬ್ಯಾರೆ. ನಿಮ್ಮ ತಾಯಾರನ್ನ ಕೇಳೋಣು."

ಹೀಗೆ ಮಡ್ಡಿಯ ಕೆಲಸ ಇಬ್ಬರು ಮುದುಕಿಯರ ಕೈಗೆ ಬಂತು. ಯಾವ ಹುಲ್ಲಿನ ಬೀಜ ಯಾವಾಗ ಬಲಿಯುತ್ತದೆ, ಯಾವುದು ಕಲ್ಲಿನ ಬದಿ ಬರುತ್ತದೆ, ಯಾವುದಕ್ಕೆ ತಗ್ಗು ಬೇಕು, ಎಲ್ಲ ರುಕ್ಮವ್ವ ಹೇಳುವಳು, ಜಾನಕಿಬಾಯಿ ಬರೆದುಕೊಳ್ಳುವರು. ಗುಂಡಿಗಳನ್ನು ಮಿಶಿನ್ ಇಲ್ಲದೆ ಕೈಯಿಂದಲೇ ಮುಚ್ಚಬೇಕೆಂದಾಯಿತು: ಕೆಳಗೆ ಗರಸು, ಮೇಲೆ ಮಣ್ಣು. ಇಂಗಳೇಶ್ವರದ ಸಿದ್ದಲಿಂಗವ್ವ ಎಂಬಾಕೆ ಊರಿನ ಇಪ್ಪತ್ತು ಹೆಂಗಸರನ್ನು ಕಟ್ಟಿಕೊಂಡು ಬಂದಳು. ರಸ್ತೆಯ ಬದಿ, ಹೊಲದ ಬದುಗಳಲ್ಲಿ ತಿರುಗಿ ಬೀಜ ಕೂಡಿಸಿದವರೂ ಅವರೇ.

ಮೊದಲ ವರ್ಷ ಗುಂಡಿ ಮುಚ್ಚಿದ ಜಾಗದಲ್ಲೆಲ್ಲ ಎದ್ದದ್ದು ಕಾಂಗ್ರೆಸ್ ಕಸ. ಸೊಂಟದವರೆಗೆ ಬೆಳೆದು ಬಿಳಿ ಹೂವು ಬಿಟ್ಟಿತು. ಕಲ್ಮೇಶಪ್ಪನ ಧೈರ್ಯ ಹೋಯಿತು. ಔಷಧ ಹೊಡೆಸಿಬಿಡಲೇ ಎಂದು ಕೇಳಿದ, ಜಾನಕಿಬಾಯಿ ಬೇಡವೆಂದರು. ಹೂ ಬಿಡುವ ಮೊದಲೇ ಕೀಳಬೇಕಿತ್ತು, ತಡವಾಗಿತ್ತು. ಆದರೂ ಹೆಂಗಸರ ಜೊತೆ ಅವನೂ ಕೀಳಲು ನಿಂತ. ಮೊಣಕೈಯವರೆಗೆ ಕೆಂಪು ದದ್ದು ಎದ್ದು ತುರಿಸಿ ತುರಿಸಿ ಒಂದು ವಾರ ಮಿಲ್ಲಿಗೆ ಹೋಗಲಾಗಲಿಲ್ಲ.

ಸುವರ್ಣಾ ಕೊಬ್ಬರಿ ಎಣ್ಣೆ ಹಚ್ಚುತ್ತ, "ಗಿಡ ಹಚ್ಚೂದ ಬೇಷಿತ್ತು ನಿಮಗ" ಎಂದಳು.

"ಹೌದು" ಎಂದ ಅವನು. "ಅದರಾಗ ಕೈ ತುರಸ್ತಿರಲಿಲ್ಲ."

ಮುಂದಿನ ರವಿವಾರ ಅವಳೂ ಕೈಗೆ ಹಳೆಯ ಬಟ್ಟೆ ಸುತ್ತಿಕೊಂಡು ಕಾರು ಹತ್ತಿದಳು.

ಎರಡನೇ ಮಳೆಗಾಲಕ್ಕೆ ಕಸದ ನಡುವೆ ಅಲ್ಲಲ್ಲಿ ಹುಲ್ಲು ತಲೆ ಎತ್ತಿತು. ಮೂರನೆಯದಕ್ಕೆ ಅದು ಕಸವನ್ನು ಹಿಂದಕ್ಕೆ ತಳ್ಳಿತು. ಎಲ್ಲ ಕಡೆ ಅಲ್ಲ. ಜೆಸಿಬಿ ಬಂಡೆ ಒಡೆದ ಮೂಡಣ ಮೂಲೆ ಬೋಳಾಗಿಯೇ ಉಳಿದಿದೆ. ಅಲ್ಲಿಗೆ ಹೋದಾಗಲೆಲ್ಲ ಕಲ್ಮೇಶಪ್ಪ ಸ್ವಲ್ಪ ನಿಂತು ಬರುತ್ತಾನೆ. ಇನ್ನು ಹದಿನೈದು ವರ್ಷವಾದರೂ ಬೇಕು ಎಂದು ಜಾನಕಿಬಾಯಿ ಹೇಳಿದ್ದಾರೆ. ಮಡ್ಡಿಯನ್ನು ಒಂದು ಟ್ರಸ್ಟಿಗೆ ಬರೆದಾಗಿದೆ. ದೀಪಾವಳಿ ಕಳೆದು ಬೀಜ ಉದುರಿದ ಮೇಲೆ ಊರಿನ ಹೆಂಗಸರು ಹುಲ್ಲು ಕೊಯ್ದುಕೊಳ್ಳಬಹುದು. ಅದಕ್ಕೆ ಮೊದಲು ಯಾರೂ ಕುಡಗೋಲು ಹಾಕುವಂತಿಲ್ಲ. ಟ್ರಸ್ಟಿನಲ್ಲಿ ಸಿದ್ದಲಿಂಗವ್ವ ಇದ್ದಾಳೆ. ಫಲಕ ಹಾಕಿಸುವ ಮಾತು ಬಂದಾಗ ರುಕ್ಮವ್ವ, "ಕಬ್ಬಿಣದ ಹಲಗಿ ಕಂಡ್ರ ಚಿಗರಿ ಬೆದರ್ತಾವ" ಎಂದಳು. ಅಲ್ಲಿಗೆ ಆ ಮಾತು ಬಿದ್ದುಹೋಯಿತು.

ಈ ಸಲ ಕಾರ್ತಿಕದಲ್ಲಿ ಮೊದಲ ಕೊಯ್ಲಾಯಿತು. ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿತ್ತು. ಎಂಬತ್ತೇಳರ ರುಕ್ಮವ್ವನಿಗೆ ಈಗ ನಡೆಯಲಾಗುವುದಿಲ್ಲ. ಯುನೂಸ ಊರಿನಿಂದ ಒಂದು ಹೊರಸು ತಂದು ಹಾಕಿದ. ಅದರ ಮೇಲೆ ಕುಳಿತು ಅವಳು ಹೆಂಗಸರಿಗೆ ಹೊರೆ ಕಟ್ಟುವುದು ಬಾರದೆಂದು ಬೈಯುತ್ತಿದ್ದಳು. "ಬುಡ ಒಂದ ಕಡಿ ಮಾಡ್ರವಾ. ಹಾದ್ಯಾಗ ಬಿಚ್ಚಿ ಬೀಳ್ತೈತಿ."

"ಈಗ ಟಂಟಂ ಗಾಡ್ಯಾಗ ಹೇರತೇವಿ ಆಯಿ, ತಲಿ ಮ್ಯಾಲ ಹೊರೂದಿಲ್ಲ" ಎಂದು ಸಿದ್ದಲಿಂಗವ್ವ ನಕ್ಕಳು.

"ಟಂಟಂನಾಗ ಆದ್ರೂ ನೆಟ್ಟಗ ಕಟ್ಟಬೇಕು."

ಜಾನಕಿಬಾಯಿ ಪಕ್ಕದಲ್ಲಿ ಪುಸ್ತಕ ಬಿಚ್ಚಿ ಕುಳಿತಿದ್ದರು. ಅವರ ಕಣ್ಣಿಗೆ ಪೊರೆ ಬಂದಿದೆ. ಹಕ್ಕಿಗಳನ್ನು ದನಿಯಿಂದ ಬರೆದುಕೊಳ್ಳುತ್ತಾರೆ. ಒಂದು ದನಿಯ ಬಗ್ಗೆ ಇಬ್ಬರಿಗೂ ಜಗಳ ನಡೆದಿತ್ತು. ಇದು ಮೊದಲಿನಿಂದ ಇಲ್ಲಿದ್ದದ್ದೇ ಎಂದು ರುಕ್ಮವ್ವ, ಇಪ್ಪತ್ತು ವರ್ಷದಲ್ಲಿ ತಾವು ಕೇಳಿಯೇ ಇಲ್ಲ ಎಂದು ಜಾನಕಿಬಾಯಿ.

ಬಿಸಿಲೇರುವ ಮೊದಲು ಅವ್ವನನ್ನು ಕರೆದೊಯ್ಯಲು ಕಲ್ಮೇಶಪ್ಪ ಬಂದ. ಅವಳು ಕೈ ಬೀಸಿದಳು. "ನೀ ಹೋಗಪಾ, ಮಿಲ್ ನೋಡ್ಕೋ ಹೋಗು. ನಾವು ಮಾತಾಡಾಕತ್ತೇವಿ."

ಅವನು ಹೋಗಲಿಲ್ಲ. ಹೊರಸಿನ ಕಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತ. ಸಿದ್ದಲಿಂಗವ್ವ ಒಂದು ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಅಂಗೈಗೆ ಕೊಟ್ಟಳು. ಅವನು ಉಂಡು ಮುಗಿಸುವಷ್ಟರಲ್ಲಿ ಮುದುಕಿಯರ ಮಾತು ನಿಧಾನವಾಗಿ ನಿಂತಿತು. ಜಾನಕಿಬಾಯಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು: ರುಕ್ಮವ್ವ ಒರಗಿದಲ್ಲೇ ನಿದ್ದೆ ಹೋಗಿದ್ದಳು. ಅವಳ ಒಂದು ಪಾದ ಹೊರಸಿನಿಂದ ಜಾರಿ ಮಗನ ಹೆಗಲಿಗೆ ತಾಗಿತ್ತು.

ಮಿಲ್ಲಿನಿಂದ ಫೋನ್ ಬಂತು. ಕಲ್ಮೇಶಪ್ಪ ಅದನ್ನು ಸದ್ದಿಲ್ಲದಂತೆ ಮಾಡಿ ಕಿಸೆಗೆ ಹಾಕಿದ. ಹೆಗಲು ಅಲುಗದಂತೆ ಕೈ ಚಾಚಿ, ಹೊರಸಿಗೆ ಒರಗಿಸಿಟ್ಟಿದ್ದ ಅವ್ವನ ಕೊಡೆ ತೆಗೆದುಕೊಂಡ. ಬಿಚ್ಚಿ, ಅವಳ ಮುಖಕ್ಕೆ ನೆರಳಾಗುವಂತೆ ಹಿಡಿದ. ಬಿಸಿಲು ಸರಿದಂತೆ ಕೊಡೆಯನ್ನೂ ಸರಿಸುತ್ತ ಕುಳಿತ.